ಆವಿಗೆಲ್ಲಿಯ ಮಡಿ?

‘ಅಂಗಡಿಯದ್ದು ವಿಷ, ಮನೆಯಲ್ಲಿ ಇಳಿಸಿದ್ದು ಶುದ್ಧ’ ಎಂಬ ಮಾತು ನಮ್ಮ ಕೊಟ್ಟಿಗೆಹಾರದ ಕಡೆ ಮಳೆಗಾಲದಲ್ಲಿ ಹೆಚ್ಚು ಕೇಳಿಬರುತ್ತದೆ. ಹೇಳುವವರು ತೋಟದ ಆಳುಗಳು ಮಾತ್ರವಲ್ಲ. ಯಜಮಾನರೂ ಓದಿದ ಹುಡುಗರೂ ಹೇಳುತ್ತಾರೆ. ಕೊಳೆಯೆಲ್ಲ ಮಡಕೆಯಲ್ಲೇ ಉಳಿಯುತ್ತದಂತೆ, ಆವಿ ಮಾತ್ರ ಮೇಲೇರುತ್ತದಂತೆ, ಆವಿಯಾದದ್ದೆಲ್ಲ ಮಡಿಯಂತೆ! ಈ ಮಾತನ್ನು ಕೇಳಿ ಸುಮ್ಮನಿರುವುದು ನನ್ನಿಂದಾಗದು.

ನಾನು ಬಿ.ಎ., ಬಿ.ಎಡ್. ಓದಿದವಳು, ವಿಜ್ಞಾನ ನನ್ನ ಪಾಠವಲ್ಲ. ಆದರೆ ಆವಿಯ ಗುಣವನ್ನು ಗಂಡಸರಿಂದ ಕಲಿಯಬೇಕಾದ ಗತಿ ಮಲೆನಾಡಿನ ಹೆಂಗಸರಿಗೆ ಬಂದಿಲ್ಲ. ಕಡುಬು ಬೇಯುವಾಗ ಬಿಸಿ ಆವಿ ಮುಚ್ಚಳಕ್ಕೆ ತಾಗಿ, ತನ್ನ ಕಾವನ್ನು ಅದಕ್ಕೆ ಕೊಟ್ಟು ಹನಿಯಾಗುತ್ತದೆ. ಅರಬ್ಬೀ ಸಮುದ್ರದ ತೇವದ ಗಾಳಿ ಚಾರ್ಮಾಡಿ ಘಾಟಿ ಹತ್ತಿ ತಣಿದು ನಮ್ಮೂರಿನ ಮೇಲೆ ಮಂಜಾಗಿ, ಮಳೆಯಾಗಿ ಇಳಿಯುವುದೂ ಇದೇ ಲೆಕ್ಕದಲ್ಲಿ. ಈಗ ಕಡುಬಿಗೆ ಅರಿಶಿನದ ಎಲೆ ಸುತ್ತಿ ಬೇಯಿಸಿ, ಮುಚ್ಚಳದ ಹನಿಯನ್ನು ಮೂಸಿ ನೋಡಿ. ಎಲೆಯ ಪರಿಮಳ ಬರುತ್ತದೆ. ನೀರೊಂದೇ ಮೇಲೇರಿದ್ದರೆ ಆ ಪರಿಮಳ ಅಲ್ಲಿಗೆ ಹೇಗೆ ಬಂತು?

ಬಟ್ಟಿಯ ಮಡಕೆಯಲ್ಲೂ ಹೀಗೆಯೇ. ಮದ್ಯಸಾರ ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ನೀರು 100ರಲ್ಲಿ, ವಿಷವಾದ ಮೆಥನಾಲ್ ಸುಮಾರು 65ರಲ್ಲಿ. ಈ ಅಂಕಿ ತಿಳಿದ ಜಾಣರು ‘ಮೊದಲ ಹನಿ ಚೆಲ್ಲಿದರೆ ವಿಷ ಹೋಯಿತು’ ಎನ್ನುತ್ತಾರೆ. ಅದು ಒಂದೊಂದನ್ನೇ ಬೇರೆಯಾಗಿ ಕುದಿಸಿದಾಗಿನ ಮಾತು. ಒಟ್ಟಿಗೆ ಬೆರೆತಾಗ ಅವು ನ್ಯಾಯಬೆಲೆ ಅಂಗಡಿಯ ಸಾಲಿನಂತೆ ಒಂದರ ಹಿಂದೆ ಒಂದು ಬರುವುದಿಲ್ಲ. ಎಲ್ಲವೂ ಕೂಡಿಯೇ ಏರುತ್ತವೆ, ಪ್ರಮಾಣ ಮಾತ್ರ ಬದಲಾಗುತ್ತದೆ. ಮೆಥನಾಲ್ ಇದ್ದರೆ ಮೊದಲ ಹನಿಯಲ್ಲೂ ಇರುತ್ತದೆ, ಕೊನೆಯದರಲ್ಲೂ ಇರುತ್ತದೆ. ಕಾರ್ಖಾನೆಯವರು ಎತ್ತರದ ಗೋಪುರದೊಳಗೆ ಆವಿಯನ್ನು ಮತ್ತೆ ಮತ್ತೆ ತಣಿಸಿ, ಕುದಿಸಿ ಬೇರ್ಪಡಿಸಬೇಕಾಗುತ್ತದೆ. ಒಂದು ಮಡಕೆ, ಒಂದು ಕೊಳವೆಗೆ ಅದು ಸಾಧ್ಯವೇ?

ನ್ಯಾಯವಾಗಿ ಹೇಳಬೇಕೆಂದರೆ, ಬೆಲ್ಲದ ಹುಳಿಯಲ್ಲಿ ಮೆಥನಾಲ್ ತೀರಾ ಕಡಿಮೆ; ಹಣ್ಣಿನ ತಿರುಳಿನಲ್ಲಿ ಅದಕ್ಕಿಂತ ಹೆಚ್ಚು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ, 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಯಲ್ಲಿ ನೂರಕ್ಕೂ ಹೆಚ್ಚು ಜನ, 2024ರ ಜೂನ್‌ನಲ್ಲಿ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತದ್ದು ಮಾರುವವರು ಬೆರೆಸಿದ ಮೆಥನಾಲ್‌ನಿಂದ. ‘ನೋಡಿ, ತಪ್ಪು ಮಡಕೆಯದಲ್ಲ’ ಎನ್ನಬಹುದು. ಆದರೆ ಲೋಟಕ್ಕೆ ಬಂದದ್ದರಲ್ಲಿ ಯಾರು ಏನು ಬೆರೆಸಿದ್ದಾರೆಂದು ನಾಲಗೆಗೆ ತಿಳಿಯದು. ಬೆಂಕಿ ಹಚ್ಚಿ ನೀಲಿ ಉರಿ ನೋಡುವ ಪರೀಕ್ಷೆಯೂ ಸುಳ್ಳು. ಎರಡೂ ನೀಲಿಯಾಗಿಯೇ ಉರಿಯುತ್ತವೆ. ಮೆಥನಾಲ್ ಹೊಟ್ಟೆ ಸೇರಿದ ಮೇಲೆ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನೇ ಕೆಡಿಸುತ್ತದೆ. ಇನ್ನು ಹಳೆಯ ರೇಡಿಯೇಟರಿನಲ್ಲಿ ಆವಿ ತಣಿಸಿದರೆ ಬೆಸುಗೆಯ ಸೀಸವೂ ಹನಿಯ ಜೊತೆ ಬರುತ್ತದೆ.

ಆವಿಯ ಇನ್ನೊಂದು ಗುಣವನ್ನು ಯಾರೂ ಹೇಳುವುದಿಲ್ಲ. ನೀರಿನ ಆವಿ ಗಾಳಿಗಿಂತ ಹಗುರ, ಹೊಗೆಗೂಡಿನತ್ತ ಏರಿಹೋಗುತ್ತದೆ. ಮದ್ಯಸಾರದ ಆವಿ ಗಾಳಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರ. ತಣಿಸುವ ನೀರು ಬಿಸಿಯಾದರೆ ಅದು ಹನಿಯಾಗದೆ ಹೊರಬಿದ್ದು, ನೆಲದ ಮೇಲೆ ಹರಿದು ಉರಿಯುವ ಒಲೆಯನ್ನು ಹುಡುಕಿಕೊಂಡು ಬರುತ್ತದೆ. ಆ ಒಲೆಯ ಮುಂದೆ ಸೆರಗು ಸಿಕ್ಕಿಸಿಕೊಂಡು ಕೂತವರು ಯಾರು? ‘ಶುದ್ಧ’ ಎಂದು ಚಪ್ಪರಿಸುವವನು ಜಗಲಿಯಲ್ಲಿರುತ್ತಾನೆ. 1965ರ ಅಬಕಾರಿ ಕಾಯ್ದೆಯಂತೆ ಮನೆಬಟ್ಟಿ ಅಪರಾಧ. ಅಧಿಕಾರಿಗಳು ಬಂದಾಗ ಮಡಕೆ ಸಿಗುವುದು ಯಾರ ಅಡಿಗೆಮನೆಯಲ್ಲಿ?

1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಅಕ್ಷರ ಕಲಿಯುತ್ತ ಕಲಿಯುತ್ತಲೇ ಸಾರಾಯಿಗೆ ಎದುರು ನಿಂತರು. ಮರುವರ್ಷ ಆಂಧ್ರದಲ್ಲಿ ಸಾರಾಯಿ ನಿಷೇಧವಾಯಿತು. ನಮ್ಮಲ್ಲಿ 2007ರ ಜುಲೈ 1ರಿಂದ ನಿಂತಿತು. ಸಾರಾಯಿ ನಿಂತಿತೇ ಹೊರತು ಕುಡಿತ ನಿಲ್ಲಲಿಲ್ಲ. ಸರ್ಕಾರ ಬಾಟಲಿಯ ತೆರಿಗೆಯಿಂದ ಬೊಕ್ಕಸ ತುಂಬಿಸುವುದು ನನಗೂ ಹಿಡಿಸದು. ಆದರೆ ಅದಕ್ಕೆ ಉತ್ತರ ನಮ್ಮ ಅಡಿಗೆಮನೆಯ ಮಡಕೆಯಲ್ಲ.

ಶಾಲೆಯಲ್ಲಿ ಆಸವನವೆಂದರೆ ಉಪ್ಪುನೀರು, ಗಾಜಿನ ಕೊಳವೆ, ಚಿತ್ರ ಬರೆದರೆ ಅಂಕ. ಉಪ್ಪು ಕೆಳಗೇ ಉಳಿಯುತ್ತದೆ, ನಿಜ. ಅದು ಆವಿಯಾಗುವ ವಸ್ತುವಲ್ಲ. ಆದರೆ ಅಷ್ಟನ್ನೇ ಕಲಿತ ಹುಡುಗ ಆವಿಯಾದದ್ದೆಲ್ಲ ಶುದ್ಧವೆಂದು ನಂಬಿ ದೊಡ್ಡವನಾಗುತ್ತಾನೆ. ಪಾಠದಲ್ಲಿ ಬಿಟ್ಟದ್ದನ್ನು ನಾವಾದರೂ ಹೇಳೋಣ. ಮಗನನ್ನು ಒಲೆಯ ಹತ್ತಿರ ಕರೆದು, ಅರಿಶಿನದೆಲೆಯ ಕಡುಬಿನ ಮುಚ್ಚಳವನ್ನು ಅವನ ಮೂಗಿನ ಹತ್ತಿರ ಹಿಡಿಯಿರಿ. ಒಂದು ಹನಿ ಸಾಕು, ಅವನಿಗೆ ಅರ್ಥವಾಗುತ್ತದೆ.