ಅರಮನೆ ಕಂಡವರಿಗೆ ಬಂದರುಕಟ್ಟೆ ಕಾಣದೇಕೆ?

ನಮ್ಮವರು ಫ್ರಾನ್ಸಿಗೆ ಹೋಗಿಬರುವುದು ಈಗ ವಿಶೇಷವಲ್ಲ. ಹೋಗಿಬಂದವರೆಲ್ಲ ಬರೆಯುವುದೂ ವಿಶೇಷವಲ್ಲ. ಪ್ರವಾಸಕಥನವೆಂದರೆ ಕನ್ನಡ ಓದುಗನಿಗೆ ಮೊದಲಿನಿಂದಲೂ ಅಕ್ಕರೆ. ತರಗತಿಯಲ್ಲಿ ಅದನ್ನು ಪಾಠ ಹೇಳಿಕೊಂಡು ಬಂದಿರುವ ನನಗೂ ಆ ಅಕ್ಕರೆ ಇದೆ; ಆದ್ದರಿಂದಲೇ ಈ ತಕರಾರು. ಲ್ವಾರ್ ನದಿಯ ದಂಡೆಯಲ್ಲಿ ಸಂಚರಿಸಿ ಬಂದವರ ಲೇಖನಗಳನ್ನು ನಾನು ಓದಿದಷ್ಟೂ ಒಂದೇ ಅಚ್ಚಿನವು. ಮೊದಲು ಅರಮನೆ, ಆಮೇಲೆ ಊಟ, ಕೊನೆಗೆ ‘ಅವರು ತಮ್ಮ ಸಂಸ್ಕೃತಿಯನ್ನು ಎಷ್ಟು ಚೆನ್ನಾಗಿ ಕಾಪಾಡಿಕೊಂಡಿದ್ದಾರೆ, ನಾವೋ!’ ಎಂಬ ಒಂದು ನಿಟ್ಟುಸಿರು. ಇದೆಲ್ಲ ಸುಳ್ಳೆಂದು ನಾನು ಹೇಳುವುದಿಲ್ಲ, ಅರ್ಧವೆಂದು ಹೇಳುತ್ತೇನೆ.

ಕಳೆದ ವರ್ಷದ ರಜೆಯಲ್ಲಿ ನಾನೂ ನನ್ನ ಹೆಂಡತಿಯೂ ಓರ್ಲೆಯಾಂ ಪಟ್ಟಣದಿಂದ ನಾಂತ್ ನಗರದವರೆಗೆ, ಊರೂರಿಗೆ ರೈಲಿನಿಂದಿಳಿದು, ಆ ನದಿಯ ಜೊತೆಯಲ್ಲೇ ಹೋದೆವು. ಸುಮಾರು 1,000 ಕಿಲೋಮೀಟರು ಹರಿಯುವ ಲ್ವಾರ್, ಫ್ರಾನ್ಸಿನ ಅತಿ ಉದ್ದವಾದ ನದಿ. 1429ರಲ್ಲಿ ಜೋನ್ ಆಫ್ ಆರ್ಕ್ ಮುತ್ತಿಗೆಯಿಂದ ಬಿಡಿಸಿದ ಊರು ಓರ್ಲೆಯಾಂ. ಲಿಯೊನಾರ್ಡೊ ಡ ವಿಂಚಿ 1516ರಲ್ಲಿ ಬಂದು, 1519ರಲ್ಲಿ ಕಣ್ಣುಮುಚ್ಚಿದ್ದು ಆಂಬ್ವಾಜ್‌ನಲ್ಲಿ. ಶಾಂಬೋರ್ ಅರಮನೆಯ ಕಟ್ಟಡ ಆರಂಭವಾದದ್ದೂ ಅದೇ ವರ್ಷ. ಅಲ್ಲಿಯ ಬಿಳಿಯ ಮೆದುಗಲ್ಲನ್ನು ಅಗೆದು ತೆಗೆದ ಗವಿಗಳಲ್ಲಿ, ಸೋಮೂರ್ ಸುತ್ತಮುತ್ತ, ಅಣಬೆ ಬೆಳೆಸುತ್ತಾರೆ. ನಡುವೆ ಹುಲ್ಲುಕಡ್ಡಿ ತೂರಿಸಿದ ಮೇಕೆಹಾಲಿನ ಚೀಸನ್ನು ನಾವೂ ತಿಂದೆವು, ಮೆಚ್ಚಿದೆವು. ಸುಖಪಟ್ಟದ್ದು ಅಪರಾಧವಲ್ಲ. ಆದರೆ ತಟ್ಟೆಯಲ್ಲಿರುವುದು ಎಲ್ಲಿಂದ ಬಂತೆಂದು ಕೇಳದಿರುವುದು ಬರಹಗಾರನಿಗೆ ಅಪರಾಧವೇ.

ಓರ್ಲೆಯಾಂ ವಿನೆಗರ್‌ಗೆ ಹೆಸರಾದ ಊರು. ನದಿಯ ಮೇಲೆ ದೋಣಿಗಳಲ್ಲಿ ಬರುತ್ತಿದ್ದ ದ್ರಾಕ್ಷಾರಸದಲ್ಲಿ ಹುಳಿತದ್ದು ಅಲ್ಲಿಯೇ ಉಳಿದು ವಿನೆಗರ್ ಆಯಿತು. ಈ ಕಥೆಯನ್ನು ಎಲ್ಲರೂ ಬರೆಯುತ್ತಾರೆ. ಆದರೆ ಹದಿನೆಂಟನೆಯ ಶತಮಾನದಲ್ಲಿ ಅದೇ ಊರು ಸಕ್ಕರೆ ಶುದ್ಧಿಮಾಡುವ ದೊಡ್ಡ ಕೇಂದ್ರವಾಗಿತ್ತು. ಕಚ್ಚಾ ಸಕ್ಕರೆಯನ್ನು ಹೊತ್ತ ಚಪ್ಪಟೆ ತಳದ ಹಾಯಿದೋಣಿಗಳು ಪಡುವಣ ಗಾಳಿ ಹಿಡಿದು ನಾಂತ್ ಬಂದರಿನಿಂದ ಪ್ರವಾಹಕ್ಕೆದುರಾಗಿ ಮೇಲೇರಿ ಬರುತ್ತಿದ್ದವು. ನಾಂತ್‌ಗೆ ಆ ಸಕ್ಕರೆ ಎಲ್ಲಿಂದ ಬಂತು? ಇಲ್ಲಿಗೆ ನಮ್ಮ ಲೇಖಕರ ಲೇಖನಿ ಒಣಗುತ್ತದೆ.

ಬಂದದ್ದು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಂದ. ಆ ತೋಟಗಳಲ್ಲಿ ದುಡಿದವರು ಆಫ್ರಿಕದಿಂದ ಹಿಡಿದೊಯ್ದ ಗುಲಾಮರು. ಫ್ರಾನ್ಸಿನ ಬಂದರುಗಳಲ್ಲೆಲ್ಲ ಈ ವ್ಯಾಪಾರದಲ್ಲಿ ನಾಂತ್‌ಗೇ ಅಗ್ರಸ್ಥಾನ. ಅಲ್ಲಿಯ ಹಡಗುಗಳು ಸಾಗಿಸಿದ ಜನರ ಸಂಖ್ಯೆ 4 ಲಕ್ಷಕ್ಕೂ ಹೆಚ್ಚು. ನಾಂತ್‌ನಲ್ಲಿ ಬಾದಾಮಿ, ಬೆಣ್ಣೆ, ಸಕ್ಕರೆ ಸೇರಿಸಿ ಮಾಡುವ ಒಂದು ಕೇಕು ಪ್ರಸಿದ್ಧ. ತಿಂದಾದ ಮೇಲೆ, ಅದರಲ್ಲಿ ರಮ್ ಬೆರೆತಿದೆಯೆಂದು ನನ್ನಾಕೆಗೆ ತಿಳಿದು ಪೇಚಾಡಿದಳು. ನನಗೆ ಪೇಚಾದದ್ದು ಬೇರೆ ಕಾರಣಕ್ಕೆ: ಆ ಸಕ್ಕರೆಯನ್ನೂ ರಮ್ಮನ್ನೂ ನಾಂತ್‌ನ ಅಡುಗೆಮನೆಗೆ ತಂದದ್ದು ಅದೇ ಸಮುದ್ರಮಾರ್ಗ, ಅದೇ ತೋಟಗಳು.

ನಾಂತ್‌ನ ಬಂದರುಕಟ್ಟೆಯ ಮೇಲೆ ನಡೆಯುವವನ ಕಾಲಕೆಳಗೆ 2,000 ಗಾಜಿನ ಫಲಕಗಳಿವೆ. ಅವುಗಳಲ್ಲಿ 1,710 ಫಲಕಗಳ ಮೇಲೆ ಗುಲಾಮರನ್ನು ತರಲು ಹೊರಟ ಹಡಗುಯಾತ್ರೆಗಳ ಗುರುತು, ಹೆಸರು ಮತ್ತು ವರ್ಷದ ಸಮೇತ. ಕೆಳಗಿಳಿದರೆ ನದಿಯ ಮಟ್ಟದಲ್ಲೇ ಒಂದು ಸ್ಮಾರಕ. ಕೆಲವೇ ಹೆಜ್ಜೆಯಲ್ಲಿ ಅರ್ಧ ಗಂಟೆ ಕಳೆಯಿತು. ಇನ್ನೂ ಫಲಕಗಳು ಮುಗಿದಿರಲಿಲ್ಲ.

ಇದು ಫ್ರೆಂಚರ ಪಾಪ, ನಮಗೇನು ಎನ್ನುವವರಿಗೆ ಒಂದು ಮಾತು. ಆಫ್ರಿಕದ ಕರಾವಳಿಯಲ್ಲಿ ಮನುಷ್ಯರನ್ನು ಕೊಳ್ಳಲು ಆ ಹಡಗುಗಳು ಒಯ್ದ ಸರಕಿನಲ್ಲಿ ದೊಡ್ಡ ಪಾಲು ಬಟ್ಟೆ. ಆ ಬಟ್ಟೆಯಲ್ಲಿ ಬಹಳಷ್ಟು ಭಾರತದ ಹತ್ತಿಬಟ್ಟೆ. ಅಚ್ಚಿನ ಹತ್ತಿಬಟ್ಟೆಗೆ ಫ್ರೆಂಚರಿಟ್ಟ ಹೆಸರೇ ‘ಇಂಡಿಯೆನ್’. 1686ರಿಂದ 1759ರವರೆಗೆ ತಮ್ಮ ನಾಡಿನಲ್ಲಿ ಅದನ್ನು ತೊಡಬಾರದೆಂದು ನಿಷೇಧ ಹಾಕಿದ್ದವರೇ ಅದನ್ನು ಆಫ್ರಿಕಕ್ಕೆ ಸಾಗಿಸಿ ಲಾಭ ಪಡೆದರು. ನಿಷೇಧ ತೆಗೆದ ಮೇಲೆ ನಾಂತ್‌ನಲ್ಲೇ ಅಂಥ ಬಟ್ಟೆ ಅಚ್ಚೊತ್ತುವ ಕಾರ್ಖಾನೆಗಳೆದ್ದವು. ಕೋರಮಂಡಲ ತೀರದ ನೇಕಾರನಿಗೆ ತನ್ನ ಬಟ್ಟೆ ಯಾರ ಬೆಲೆಯಾಗುತ್ತದೆಂಬುದು ತಿಳಿದಿರಲಿಕ್ಕಿಲ್ಲ. ಅವನನ್ನು ದೂರುವ ಹಕ್ಕು ನಮಗಿಲ್ಲ. ಆದರೆ ಓದು ಬಲ್ಲ ನಾವು, ಆ ಕಟ್ಟೆಯ ಮೇಲೆ ನಿಂತು ‘ನಾನು ಬರಿಯ ಅತಿಥಿ’ ಎನ್ನಲಾರೆವು.

ಈ ಮಾತು ಹೇಳಿದಾಗ ನನ್ನ ಸಹೋದ್ಯೋಗಿಯೊಬ್ಬರು, “ಅಲ್ಲ ಮೇಷ್ಟ್ರೇ, ಸಾಲ ಮಾಡಿಕೊಂಡು ಹೋದವರು ನಾಲ್ಕು ದಿನ ಉಂಡು, ನೋಡಿ ಬರಬಾರದೇ? ಅಲ್ಲಿಯೂ ಪಾಠವೇ?” ಎಂದರು. ಉಣ್ಣಲಿ, ಬೇಡವೆಂದವರಾರು! ಬಂದು ಏನನ್ನೂ ಬರೆಯದಿದ್ದರೆ ನನ್ನ ತಕರಾರೇ ಇಲ್ಲ. ಆದರೆ ‘ಇತಿಹಾಸ, ಸಂಸ್ಕೃತಿ’ ಎಂದು ತಲೆಬರಹ ಕೊಟ್ಟು, ರಾಜರ ಮಹಡಿಮೆಟ್ಟಿಲನ್ನು ಮಾತ್ರ ಎಣಿಸಿದರೆ, ಅದು ಓದುಗನಿಗೆ ಮಾಡಿದ ಮೋಸ.

ಇನ್ನು ಆ ಕೊನೆಯ ನಿಟ್ಟುಸಿರು. ಅವರು ತಮ್ಮ ಸಂಸ್ಕೃತಿಯನ್ನು ಕಾಪಾಡಿಕೊಂಡಿದ್ದಾರೆ, ಸರಿ. ಆದರೆ ಅರಮನೆಗೆ ಸುಣ್ಣ ಬಳಿಯುವುದು ಹಣವಿದ್ದ ಯಾರಿಗಾದರೂ ಸಾಧ್ಯ. 1998ರಲ್ಲಿ, ಗುಲಾಮಗಿರಿ ರದ್ದಾಗಿ 150 ವರ್ಷ ತುಂಬಿದಾಗ, ಅದೇ ಕಟ್ಟೆಯ ಮೇಲೆ ನಿಲ್ಲಿಸಿದ ಒಂದು ಪ್ರತಿಮೆಯನ್ನು ಕೆಲವೇ ದಿನಗಳಲ್ಲಿ ಯಾರೋ ಕೆಡಿಸಿದರು. ನಗರ ಅದನ್ನು ಮುಚ್ಚಿಹಾಕಲಿಲ್ಲ. ನಿಲ್ಲುವಂಥ ಸ್ಮಾರಕವನ್ನೇ ಕಟ್ಟಲು ಹೊರಟಿತು. ಅದು ತೆರೆದದ್ದು 2012ರಲ್ಲಿ. ತನ್ನ ನಾಚಿಕೆಯನ್ನು ತನ್ನ ಬೀದಿಯಲ್ಲೇ ಬರೆದಿಡುವ ಈ ಕಷ್ಟದ ಕೆಲಸವನ್ನು ಮೆಚ್ಚಿ ಹೊಟ್ಟೆಕಿಚ್ಚುಪಟ್ಟ ಒಂದು ಕನ್ನಡ ಲೇಖನವನ್ನು ನಾನಿನ್ನೂ ಓದಿಲ್ಲ.

ಮುಂದಿನ ಬೇಸಗೆಗೆ ಟಿಕೆಟ್ ಕಾದಿರಿಸಿರುವವರಲ್ಲಿ ನನ್ನ ಬಿನ್ನಹ ಇಷ್ಟೇ. ಶಾಂಬೋರ್‌ಗೆ ಹೋಗಿ, ಆಂಬ್ವಾಜ್‌ಗೆ ಹೋಗಿ, ಚೀಸ್ ತಿನ್ನಿ. ಆದರೆ ಅಲ್ಲಿಗೇ ಹಿಂದಿರುಗಬೇಡಿ; ನದಿ ಸಮುದ್ರದ ಹತ್ತಿರಕ್ಕೆ ಹೋಗುವವರೆಗೆ ನೀವೂ ಹೋಗಿ. ನಾಂತ್‌ನ ಕಟ್ಟೆಯ ಮೇಲೆ ನಿಂತು ಹತ್ತು ಫಲಕಗಳನ್ನಾದರೂ ಬಗ್ಗಿ ಓದಿ. ಆಮೇಲೆ ಮನೆಗೆ ಬಂದು ಬರೆಯಿರಿ; ಓದಲು ನಾನು ಮೊದಲಿಗನಾಗುತ್ತೇನೆ.