ಮನೆಯ ಪಾಠವೂ ಅಂತರ್ಜಾಲದ ಭಂಡಾರವೂ

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುವ ತಂದೆತಾಯಿಗಳು ನಮ್ಮ ದೊಡ್ಡ ಪಟ್ಟಣಗಳಲ್ಲಿ ಅಲ್ಲಲ್ಲಿ ಕಾಣಬರುತ್ತಿದ್ದಾರೆ. ಇವರು ಮಾಡುತ್ತಿರುವುದು ಯುಕ್ತವೆ ಅಲ್ಲವೆ ಎಂಬ ಚರ್ಚೆಯನ್ನು ನಾವು ಇಂದು ಎತ್ತಿಕೊಳ್ಳುವುದಿಲ್ಲ. ಇವರ ಜೊತೆಗೆ, ಮಗು ಶಾಲೆಯಿಂದ ಬಂದ ಮೇಲೆ ಸಂಜೆ ಅದನ್ನು ಮುಂದೆ ಕೂರಿಸಿಕೊಂಡು ಚರಿತ್ರೆಯನ್ನೋ ವಿಜ್ಞಾನವನ್ನೋ ಹೇಳಿಕೊಡುವವರನ್ನೂ ಸೇರಿಸಿಕೊಂಡರೆ ಈ ವಿಷಯವು ಅಸಂಖ್ಯಾತ ಮನೆಗಳಿಗೆ ಸಂಬಂಧಿಸಿದ್ದಾಗುತ್ತದೆ. 2020ನೆಯ ಇಸವಿಯಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳ ಬಾಗಿಲು ಮುಚ್ಚಿದಾಗ ಪ್ರತಿಯೊಂದು ಮನೆಯೂ ಹೇಗೋ ಒಂದು ಪಾಠಶಾಲೆಯಾಗಬೇಕಾಯಿತು. ಅಂದು ಪಾಠದ ನೆಪದಿಂದ ಮಕ್ಕಳ ಕೈಗೆ ಬಂದ ಮೊಬೈಲು ಇಂದಿಗೂ ಅವರ ಕೈ ಬಿಟ್ಟಿಲ್ಲ. ಅದರೊಳಗಿನ ಭಂಡಾರದಲ್ಲಿ ಕನ್ನಡದ ಮಗುವಿಗೆ ದಕ್ಕುವ ಪಾಲೆಷ್ಟು ಎಂಬುದೇ ನಮ್ಮ ಇಂದಿನ ಪ್ರಶ್ನೆ.

ಚರಿತ್ರೆಯನ್ನು ಮೊದಲು ತೆಗೆದುಕೊಳ್ಳೋಣ. ನಾವು ಓದಿದ ಪಾಠಶಾಲೆಯಲ್ಲಿ ಚರಿತ್ರೆಯೆಂದರೆ ರಾಜರ ಹೆಸರುಗಳನ್ನೂ ಇಸವಿಗಳನ್ನೂ ಬಾಯಿಪಾಠ ಒಪ್ಪಿಸುವುದೇ ಆಗಿತ್ತು. ಈ ಇಸವಿ ನಿಮಗೆ ಹೇಗೆ ತಿಳಿಯಿತು ಎಂದು ಉಪಾಧ್ಯಾಯರನ್ನು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆ ಪ್ರಶ್ನೆಯನ್ನು ಕೇಳಿಸುವ ಸಾಧನ ಈಗ ಮನೆಯಲ್ಲಿಯೇ ಇದೆ. ಬೆಂಗಳೂರಿಗೆ ಆ ಹೆಸರು ಬಂದುದು ಹೇಗೆ ಎಂದು ಜಾಲದಲ್ಲಿ ಹುಡುಕಿದರೆ ಎಲ್ಲರೂ ಕೇಳಿರುವ ಕಥೆಯೇ ಎದುರಿಗೆ ಬರುತ್ತದೆ: ಹೊಯ್ಸಳ ವೀರಬಲ್ಲಾಳನು ಬೇಟೆಯಲ್ಲಿ ದಾರಿತಪ್ಪಿ ಬಂದು, ಮುದುಕಿಯೊಬ್ಬಳು ಕೊಟ್ಟ ಬೆಂದ ಕಾಳನ್ನು ತಿಂದು ತೃಪ್ತನಾಗಿ, ಆ ಸ್ಥಳಕ್ಕೆ ಬೆಂದಕಾಳೂರು ಎಂದು ಹೆಸರಿಟ್ಟನಂತೆ. ಕಥೆ ಸೊಗಸಾಗಿದೆ. ಆದರೆ ವೀರಬಲ್ಲಾಳನು ಪಟ್ಟಕ್ಕೆ ಬಂದುದು 1173ರಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಗಂಗರ ಕಾಲದ ವೀರಗಲ್ಲೊಂದು ಬೆಂಗಳೂರಿನ ಕಾಳಗವನ್ನು ಹೆಸರಿಸುತ್ತದೆ. ಅದರ ಕಾಲ ಸುಮಾರು 890. ಹೆಸರಿಟ್ಟನೆಂಬ ರಾಜನಿಗಿಂತ ಹೆಸರು ಮುನ್ನೂರು ವರ್ಷಗಳಷ್ಟು ಹಿರಿಯದು! ಎಂಟನೆಯ ತರಗತಿಯ ಬಾಲಕನ ಮುಂದೆ ಈ ಎರಡನ್ನೂ ಇಟ್ಟು, ಯಾವುದನ್ನು ನಂಬುವೆ, ಏಕೆ ನಂಬುವೆ ಎಂದು ಕೇಳಿದರೆ ಅದೇ ಚರಿತ್ರೆಯ ಪಾಠವಾಯಿತು.

ಇಂತಹ ಶಾಸನಗಳನ್ನು ಮೈಸೂರು ಸಂಸ್ಥಾನದ ಆಶ್ರಯದಲ್ಲಿ ಬಿ. ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ಕಾಣಬಹುದು. 1905ರಲ್ಲಿ ಅಚ್ಚಾದ ಆ ಸಂಪುಟವು ಈಗ ಇಂಟರ್ನೆಟ್ ಆರ್ಕೈವ್ ಎಂಬ ಜಾಲಗ್ರಂಥಾಲಯದಲ್ಲಿ ಧರ್ಮಾರ್ಥವಾಗಿ ದೊರೆಯುತ್ತದೆ. ಒಂದು ಕಾಲದಲ್ಲಿ ದೊಡ್ಡ ಗ್ರಂಥಾಲಯಗಳಲ್ಲಿ ಅಪ್ಪಣೆ ಪಡೆದು ನೋಡಬೇಕಾಗಿದ್ದ ಗ್ರಂಥ ಇದು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಊರಿನ ಸುತ್ತಣ ಶಾಸನಗಳ ಉಬ್ಬುತಗ್ಗುಗಳು ಸಹ ಕಾಣುವಂತೆ ಯಂತ್ರದಿಂದ ಪ್ರತಿ ತೆಗೆದು ಜಾಲಕ್ಕೆ ಏರಿಸುತ್ತಿರುವುದು ಮತ್ತೂ ಶ್ಲಾಘನೀಯವಾದ ಕಾರ್ಯ. ಆದರೆ ತಂದೆಯಾದವನು ಇಷ್ಟಕ್ಕೇ ನಿಲ್ಲಬಾರದು. ತೆರೆಯ ಮೇಲೆ ನೋಡಿದುದಾದ ಮೇಲೆ ಒಂದು ಭಾನುವಾರ ಮಗುವನ್ನು ಬೇಗೂರಿಗೇ ಕರೆದುಕೊಂಡು ಹೋಗಿ ಕಲ್ಲಿನ ಮುಂದೆ ನಿಲ್ಲಿಸಬೇಕು. ಗಂಟೆಗಟ್ಟಲೆ ವೀಡಿಯೋ ನೋಡಿದ ಮಗು ಕಲಿತಿದೆ ಎಂದು ಭ್ರಮಿಸುವ ತಂದೆತಾಯಿಗಳಿಗೆ ನಾವು ಇಷ್ಟನ್ನು ಸ್ಪಷ್ಟವಾಗಿಯೇ ಹೇಳಬೇಕಾಗಿದೆ.

ವಿಜ್ಞಾನದ ಮಾತೂ ಹೀಗೆಯೇ. ಪ್ರತಿವರ್ಷ ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯನು ನಡುನೆತ್ತಿಗೆ ಬರುವುದರಿಂದ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟ್ 18ರ ಸುಮಾರಿಗೆ ಇದು ಮತ್ತೊಮ್ಮೆ ಒದಗಿದರೂ ಮಳೆಗಾಲದ ಮೋಡ ಅಡ್ಡಬರುವ ಸಂಭವವೇ ಹೆಚ್ಚು. ಬೇರೆ ಬೇರೆ ಊರುಗಳಿಗೆ ಈ ದಿನ ಯಾವುದೆಂದು ಭಾರತೀಯ ಖಗೋಳ ಸಂಘದವರ ಜಾಲತಾಣದಿಂದ ತಿಳಿಯಬಹುದು. ಬೆಂಗಳೂರಿನ ಮಗುವೊಂದು, ಕಲಬುರಗಿಯಲ್ಲಿರುವ ಅದರ ಸೋದರಮಾವನ ಮಗಳು, ಇಬ್ಬರೂ ಏಪ್ರಿಲ್ 24ರಂದು ಒಂದೊಂದು ಮೀಟರ್ ಉದ್ದದ ಕೋಲು ನೆಟ್ಟರೆಂದು ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಹನ್ನೆರಡು ಗಂಟೆ ಹದಿನೇಳು ನಿಮಿಷದ ಹೊತ್ತಿಗೆ ನೆರಳು ಕೋಲಿನ ಬುಡದಲ್ಲಿ ಅಡಗುತ್ತದೆ; ಮೂರು ನಾಲ್ಕು ನಿಮಿಷ ಕಳೆದು ಕಲಬುರಗಿಯ ಕೋಲಿನ ನೆರಳು ಅತ್ಯಂತ ಗಿಡ್ಡವಾದಾಗ ಅಳೆದರೆ ಸುಮಾರು ಏಳೂವರೆ ಸೆಂಟಿಮೀಟರ್ ಬರುತ್ತದೆ. ಕಾಗದದ ಮೇಲೆ ಅಳತೆಗೆ ಸರಿಯಾಗಿ ಬರೆದು ಕೋನಮಾಪಕವನ್ನಿಟ್ಟರೆ ಕೋನವು ನಾಲ್ಕು ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಎರಡೂ ಊರುಗಳ ನಡುವಣ ದಕ್ಷಿಣೋತ್ತರ ದೂರವನ್ನು ಜಾಲದ ಭೂಪಟದಲ್ಲಿ ಅಳೆದರೆ ಸುಮಾರು 485 ಕಿಲೋಮೀಟರ್. ಇನ್ನುಳಿದದ್ದು ತ್ರೈರಾಶಿ. ಭೂಮಿಯ ಸುತ್ತಳತೆಯು 40,000 ಕಿಲೋಮೀಟರಿಗೆ ಸಮೀಪವಾಗಿ ಮಕ್ಕಳ ಕೈಗೇ ಸಿಕ್ಕುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಎರಟಾಸ್ತನೀಸನು ಈಜಿಪ್ಟಿನಲ್ಲಿ ಮಾಡಿದುದೂ ಇದೇ ಲೆಕ್ಕ. ಮಧ್ಯಾಹ್ನವು ಹನ್ನೆರಡು ಗಂಟೆಗೆ ಸರಿಯಾಗಿ ಏಕೆ ಆಗಲಿಲ್ಲ ಎಂದು ಮಗು ಕೇಳಿಯೇ ಕೇಳುತ್ತದೆ. ನಮ್ಮ ಗಡಿಯಾರವು 82½ ಡಿಗ್ರಿ ಪೂರ್ವ ರೇಖಾಂಶದ್ದೇ ಹೊರತು ಬೆಂಗಳೂರಿನದಲ್ಲವೆಂಬುದನ್ನು ಆಗ ಹೇಳಿದರೆ ಅದು ಎಂದಿಗೂ ಮರೆಯುವುದಿಲ್ಲ.

ಪ್ರಯೋಗಶಾಲೆಯಿಲ್ಲದ ಮನೆಗೆ ಅಮೆರಿಕೆಯ ಕೊಲೊರಾಡೋ ವಿಶ್ವವಿದ್ಯಾನಿಲಯದವರ ಫೆಟ್ ಎಂಬ ಆಟದಂತಹ ಪ್ರಯೋಗಗಳೂ ಉಂಟು. 2002ರಲ್ಲಿ ನೊಬೆಲ್ ವಿಜ್ಞಾನಿ ಕಾರ್ಲ್ ವೀಮನ್ ಅವರು ಪ್ರಾರಂಭಿಸಿದ ಇವುಗಳಲ್ಲಿ ಕೆಲವು ಕನ್ನಡದಲ್ಲಿಯೂ ದೊರೆಯುತ್ತವೆ.

ಇಲ್ಲಿಗೆ ಬಂದಾಗ ನಮ್ಮ ಮನಸ್ಸಿನ ಕೊರಗನ್ನು ಹೇಳದೆ ಇರಲಾರೆವು. ಬೇಗೂರಿನ ಕಲ್ಲು ಕನ್ನಡದ್ದು. ಇಂತಹ ಕಲ್ಲುಗಳ ಅರ್ಥವನ್ನು ರೈಸ್ ಅವರ ಸಂಪುಟದಲ್ಲಿ ಹುಡುಕುವ ಕನ್ನಡದ ಬಾಲಕನಿಗೆ ಸಿಕ್ಕುವುದು ಇಂಗ್ಲಿಷ್ ಭಾಷಾಂತರ. ಇಂಗ್ಲಿಷ್ ಬಲ್ಲ ತಂದೆಯ ಮಗನಿಗೆ ಭಂಡಾರದ ಬಾಗಿಲು ತೆರೆದಿದೆ. ತುಮಕೂರಿನ ಅಂಗಡಿಯವನ ಮಗನಿಗೆ ಬಾಗಿಲಿನ ಚಿತ್ರ ಮಾತ್ರ ಕಾಣುತ್ತದೆ. ಹಳೆಯ ಕನ್ನಡ ಪುಸ್ತಕಗಳು ಜಾಲದಲ್ಲಿ ಬೇಕಾದಷ್ಟಿದ್ದರೂ ಅನೇಕವು ಬರಿಯ ಪುಟಗಳ ಛಾಯಾಚಿತ್ರಗಳಾಗಿರುವುದರಿಂದ ಒಳಗೊಂದು ಶಬ್ದವನ್ನು ಹುಡುಕಲು ಸಾಧ್ಯವಿಲ್ಲ. ಇಂಗ್ಲಿಷ್ ಪಾಠವನ್ನು ಯಂತ್ರದಿಂದ ಕನ್ನಡಕ್ಕೆ ತಿರುಗಿಸಿ, ಯಾವ ಕನ್ನಡಿಗನೂ ಓದದೆಯೇ ಮಕ್ಕಳ ಮುಂದಿಡುವ ಪದ್ಧತಿಯೊಂದು ಈಚೆಗೆ ಬೆಳೆಯುತ್ತಿದೆ. ಇದು ಇಲ್ಲದಿರುವುದಕ್ಕಿಂತಲೂ ಕೆಟ್ಟದ್ದು.

ಕನ್ನಡಕ್ಕೆ ಈ ಶಕ್ತಿಯಿಲ್ಲವೆನ್ನುವವರಿಗೆ ಹಿಂದಿನವರ ಕಾರ್ಯವೇ ಉತ್ತರ. ಬೆಳ್ಳಾವೆ ವೆಂಕಟನಾರಣಪ್ಪನವರೂ ಅವರ ಸಂಗಡಿಗರೂ 1918ರಲ್ಲಿಯೇ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ತೆಗೆದರು. ಶಿವರಾಮ ಕಾರಂತರು ಒಬ್ಬರೇ ಕುಳಿತು ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಬರೆದರು. ಆಗ ಗಣಕಯಂತ್ರವೂ ಇರಲಿಲ್ಲ, ಅನುದಾನವೂ ಇರಲಿಲ್ಲ. ಈಗ ಎರಡೂ ಇವೆ. ವಿಶ್ವವಿದ್ಯಾನಿಲಯಗಳು ಇವೆ, ಭಾಷೆಯ ಹೆಸರಿನ ಇಲಾಖೆ ಪ್ರಾಧಿಕಾರಗಳಿಗೂ ಕಡಮೆಯಿಲ್ಲ.

ಸರಕಾರದವರಲ್ಲಿ ನಮ್ಮ ಬೇಡಿಕೆ ಅತಿಯಾದುದಲ್ಲ. ರೈಸ್ ಅವರ ಸಂಪುಟಗಳು ತಾಲ್ಲೂಕುವಾರಾಗಿ ಜೋಡಿಸಲ್ಪಟ್ಟಿವೆ. ಅದೇ ಕ್ರಮದಲ್ಲಿ ಪ್ರತಿಯೊಂದು ಶಾಸನದ ಪಾಠ, ಇಂದಿನ ಕನ್ನಡದಲ್ಲಿ ಅದರ ಅರ್ಥ, ಕಲ್ಲಿನ ಛಾಯಾಚಿತ್ರ, ಅದು ಇರುವ ಸ್ಥಳಕ್ಕೆ ದಾರಿ, ಇಷ್ಟನ್ನು ಹುಡುಕಲು ಬರುವ ಅಕ್ಷರಗಳಲ್ಲಿ, ಹಣವಿಲ್ಲದೆ ಓದಲು ಸಿಕ್ಕುವಂತೆ ಜಾಲದಲ್ಲಿ ಇಡಿಸಬೇಕು. ಕನ್ನಡ ಎಂ. ಎ. ಓದುವ ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗೆ ಹತ್ತು ಶಾಸನಗಳಂತೆ ಹಂಚಿ, ಅಧ್ಯಾಪಕರು ತಿದ್ದಿಕೊಟ್ಟರೆ ಬೊಕ್ಕಸಕ್ಕೆ ದೊಡ್ಡ ಭಾರವೂ ಬೀಳದು. ಪಠ್ಯಪುಸ್ತಕಗಳಲ್ಲಿ ಆ ಆ ಜಿಲ್ಲೆಯ ಶಾಸನಗಳ ಜಾಲವಿಳಾಸವನ್ನೂ, ನೆರಳಿಲ್ಲದ ದಿನಗಳ ಪಟ್ಟಿಯನ್ನೂ ಅಚ್ಚು ಹಾಕಿಸುವುದಕ್ಕೆ ಒಂದು ಆಜ್ಞೆ ಸಾಕು. ನಾಡಿಗೆಲ್ಲ ಏಕಕಾಲದಲ್ಲಿ ಆಗದಿದ್ದರೆ ಒಂದು ಹೋಬಳಿಯಿಂದ ತೊಡಗಲಿ. ಬೇಗೂರು ಹೋಬಳಿಯಿಂದಲೇ ಪ್ರಾರಂಭಿಸಬಹುದು. ವಿಧಾನಸೌಧಕ್ಕೆ ಅದು ದೂರವೇನೂ ಅಲ್ಲ.