ದಂಡ ಕಟ್ಟಿದರೆ ತೀರುವ ಋಣವೇ?

'ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದನಂತೆ. ದಂಡ ಕಟ್ಟಿದರೆ ಮುಗಿಯಿತು.' ಮುಂಬಯಿಯ ನಮ್ಮವರ ಕೂಟಗಳಲ್ಲಿಯೂ ಈ ಮಾತು ಸಲೀಸಾಗಿ ಕೇಳಿಬರುತ್ತದೆ. ಇದಕ್ಕಿಂತ ಅಪಾಯಕಾರಿಯಾದ ಉಡಾಫೆ ಬೇರೊಂದಿಲ್ಲ.

ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದರೆ ಅಪರಾಧ. 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಬಂಧಿತನಿಗೂ ಹಕ್ಕುಂಟು: ಎರಡು ಗಂಟೆಯೊಳಗೆ ವೈದ್ಯಪರೀಕ್ಷೆ ನಡೆಸದಿದ್ದರೆ ಅವನನ್ನು ಬಂಧನದಿಂದ ಬಿಡಬೇಕು. ಆದರೆ ಸಕಾರಣವಿಲ್ಲದೆ ಪರೀಕ್ಷೆಗೆ ಒಲ್ಲೆನೆಂದರೆ ಆ ನಿರಾಕರಣೆಯೇ ಅವನ ವಿರುದ್ಧ ಸಾಕ್ಷ್ಯವಾದೀತು.

ಜೀವಹಾನಿಯಾದರಂತೂ ಆರೋಪದ ಸ್ವರೂಪವೇ ಬೇರೆ. 2006ರ ನವೆಂಬರಿನಲ್ಲಿ ಬಾಂದ್ರಾದ ಕಾರ್ಟರ್ ರಸ್ತೆಯ ಫುಟ್‌ಪಾತಿನಲ್ಲಿ ಮಲಗಿದ್ದ ಏಳು ಮಂದಿ ಕೂಲಿಕಾರರು ಕಾರಿಗೆ ಬಲಿಯಾದರು. ಸೆಷನ್ಸ್ ನ್ಯಾಯಾಲಯವು ಅದನ್ನು ನಿರ್ಲಕ್ಷ್ಯವೆಂದು ಬಗೆದು ಆರು ತಿಂಗಳ ಸೆರೆ ವಿಧಿಸಿತು. ಹೈಕೋರ್ಟು ಅರಿವಿದ್ದೂ ಮಾಡಿದ ನರಹತ್ಯೆಯೆಂದು ಮೂರು ವರ್ಷಕ್ಕೇರಿಸಿತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ಭೇದ ಉಳಿದಿದೆ: ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ, ಸಾವು ಸಂಭವಿಸೀತೆಂಬ ಅರಿವಿದ್ದರೆ ಹತ್ತು ವರ್ಷದವರೆಗೆ.

ಕುಡಿದು ಸ್ಟಿಯರಿಂಗ್ ಹಿಡಿದವನಿಗೆ ಆ ಅರಿವಿರಲಿಲ್ಲವೆಂಬ ವಾದವನ್ನು ನಾವೇಕೆ ಒಪ್ಪಬೇಕು? ಊರು ಬಿಟ್ಟು ದುಡಿಯಲು ಬಂದು ಹಾದಿಬದಿಯಲ್ಲಿ ಮಲಗುವವರ ಪಾಡು ಹೊರನಾಡ ಕನ್ನಡಿಗರಿಗೆ ಅಪರಿಚಿತವಲ್ಲ. ಆ ಜೀವಗಳ ಬೆಲೆಯನ್ನು ದಂಡದ ರಸೀದಿಯಲ್ಲಿ ಬರೆಯಲಾಗದು.